ದೊಡ್ಡ ಮೇಡಂ ಬಾಯಲ್ಲಿ ಲವಂಗ

ದೊಡ್ಡ ಮೇಡಂ ತೀರಿಕೊಂಡ ಸುದ್ದಿ ಮಾನ್ವಿಯಿಂದ ಬಂದಾಗ ನಾವು ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಬುತ್ತಿ ಹಾಗೇ ಮುಚ್ಚಿಟ್ಟು ಅತ್ತೆವು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಅತ್ತಾದ ಮೇಲೆ ಫ್ಲೆಕ್ಸ್ ಮಾಡಿಸುವ ಮಾತು ಬಂತು. ನಮ್ಮ ಕಡೆ ಈಗ ಫ್ಲೆಕ್ಸ್ ಕಟ್ಟದಿದ್ದರೆ ಸತ್ತವರು ಪೂರ್ತಿ ಸತ್ತ ಹಾಗಲ್ಲ. ಫೋಟೋ ಸಿಕ್ಕಿತು, ಭಾವಪೂರ್ಣ ಶ್ರದ್ಧಾಂಜಲಿ ಎಂಬುದು ಅಂಗಡಿಯವನ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಹೆಸರಿನ ಕೆಳಗೆ ಏನು ಹಾಕಬೇಕು ಎಂಬಲ್ಲಿ ಮಾತ್ರ ಗಾಡಿ ನಿಂತಿತು.

"ಮುಖ್ಯೋಪಾಧ್ಯಾಯಿನಿ ಅಂತ ಹಾಕಾಕ ಬರಂಗಿಲ್ರಿ," ಎಂದರು ಪಿ.ಟಿ. ಸರ್. ಅವರು ನಮ್ಮ ದೈಹಿಕ ಶಿಕ್ಷಕರು, ಶಾಲೆಯಲ್ಲಿ ಎಲ್ಲರಿಗಿಂತ ಹಳಬರು, ರೂಲು ಬಿಟ್ಟು ಒಂದು ಹೆಜ್ಜೆ ಇಟ್ಟವರಲ್ಲ. "ಅವ್ರು ರಿಟೈರ್ ಆಗೋತನಕ ಪ್ರಭಾರಿನೇ ಇದ್ರು."

ನನಗೆ ಸಿಟ್ಟು ಬಂತು. "ಸತ್ತ ಮ್ಯಾಲೂ ಪ್ರಭಾರಿ ಏನ್ರಿ? ಹಂಗಾದ್ರ ದಿವಂಗತ ಪ್ರಭಾರಿ ಅಂತ ಹಾಕಿಬಿಡ್ರಿ!"

ಪಿ.ಟಿ. ಸರ್ ಸ್ವಲ್ಪ ಯೋಚಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳತೊಡಗಿದರು.

ಪ್ರಭಾರಿ ಎಂದರೆ ಏನೆಂದು ನೌಕರಿ ಮಾಡದವರಿಗೆ ಹೇಳಬೇಕು. ಶಾಲೆಗೆ ಖಾಯಂ ಮುಖ್ಯೋಪಾಧ್ಯಾಯರು ಇಲ್ಲದಿದ್ದಾಗ ಇದ್ದ ಶಿಕ್ಷಕರಲ್ಲೇ ಒಬ್ಬರಿಗೆ ಆ ಕೆಲಸ ವಹಿಸುತ್ತಾರೆ. ಕೆಲಸ ಅದೇ, ಬೈಗುಳ ಅದೇ, ಕುರ್ಚಿಯೂ ಅದೇ. ಕುರ್ಚಿ ನಿಮ್ಮದಲ್ಲ, ಅಷ್ಟೇ ವ್ಯತ್ಯಾಸ. ಈ ಭಾರ ವಯಸ್ಸಿನಲ್ಲಿ ಚಿಕ್ಕವರಾದರೂ ಸರ್ವಿಸಿನಲ್ಲಿ ಹಿರಿಯರಾದ ಪಿ.ಟಿ. ಸರ್ ಮೇಲೆ ಬೀಳಬೇಕಿತ್ತು, ಅವರು ಬಿ.ಪಿ. ಇದೆ ಎಂದು ತಪ್ಪಿಸಿಕೊಂಡರು. ಮೇಡಂ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವರು. ಒಂದು ವಾರದ ಮಟ್ಟಿಗೆ ಎಂದು ಒಪ್ಪಿಕೊಂಡರು. ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ನಮ್ಮ ಶಾಲೆಗೆ ವರ್ಷವರ್ಷವೂ ಯಾರೋ ಒಬ್ಬ ಖಾಯಂ ಮುಖ್ಯಸ್ಥರಿಗೆ ಆರ್ಡರ್ ಆಗುತ್ತಿತ್ತು. ಅವರು ಒಂದು ದಿನ ಬಂದು, ಬಸ್ಸಿನ ಟೈಮ್ ಕೇಳಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ. ಮೇಡಂ ಅವರ ಒಂದು ವಾರ ಹೀಗೆ ಬೆಳೆದು ಹತ್ತು ವರ್ಷ ದಾಟಿತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಂದೆ ಡಾಕ್ಟರೇಟಿಗೆ ಮಾಡಿದ ಸಂಶೋಧನೆಯಲ್ಲಿ ಅವರು ನಮ್ಮೆಲ್ಲರ ಹೆಸರು ಬಚ್ಚಿಟ್ಟರು, ಈಗ ನಾನು ಅವರದನ್ನು ಬಚ್ಚಿಡುತ್ತಿದ್ದೇನೆ. ಬರೆದಿದ್ದರೆ ಕನ್ನಡ ಮೇಷ್ಟ್ರಾದ ನನಗೆ ಅವರು ಏನು ಅನ್ನುತ್ತಿದ್ದರು ಎಂಬುದು ಗೊತ್ತು: "ಕನ್ನಡ ಸರ್, ನನ್ನ ಕೇಳಿದ್ರೇನು?"

ಈ 'ನನ್ನ ಕೇಳಿದ್ರೇನು' ನಮ್ಮ ಶಾಲೆಯ ಪ್ರಾರ್ಥನೆಗಿಂತ ಹೆಚ್ಚು ಸಲ ಕೇಳಿಬರುತ್ತಿತ್ತು. ಕಿಟಕಿ ತೆಗೆದರೆ ನನ್ನ ಕೇಳಿದ್ರೇನು. ಮುಚ್ಚಿದರೆ ನನ್ನ ಕೇಳಿದ್ರೇನು. ಬಿಸಿಯೂಟದ ಸಾಂಬಾರಿಗೆ ಎಷ್ಟು ಉಪ್ಪು, ಎಂಟನೇ ತರಗತಿಯಲ್ಲಿ ಯಾರ ಪಕ್ಕ ಯಾರು, ಬೇವಿನ ಗಿಡದ ಯಾವ ಟೊಂಗೆ ಕಡಿಯಬೇಕು, ಎಲ್ಲ ಅವರೇ ಹೇಳಬೇಕು. ಗಿಡ್ಡ ಆಳು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಸೊಂಟದಲ್ಲಿ ಸಿಕ್ಕಿಸಿದ ಕೀಲಿಕೈ ಗೊಂಚಲು. ಅದರ ಸದ್ದು ಅವರಿಗಿಂತ ಮೊದಲು ಬರುತ್ತಿತ್ತು. ಹುಡುಗರು ಆ ಸದ್ದಿಗೆ ಪುಸ್ತಕ ತೆಗೆಯುತ್ತಿದ್ದರು, ನಾವು ಮೊಬೈಲ್ ಒಳಗಿಡುತ್ತಿದ್ದೆವು. ನನಗೆ ಒಂದು ಸೀಮೆಸುಣ್ಣ ಬೇಕಾದರೂ ಅವರು ಬಂದು ಸ್ಟಾಕ್ ರೂಮ್ ತೆರೆಯಬೇಕು. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಒಂದು ಸೀಮೆಸುಣ್ಣಕ್ಕಾಗಿ ಕಾಯುವುದು ಎಂದರೆ ನನ್ನಂಥವನಿಗೆ ಮೈ ಉರಿಯುತ್ತಿತ್ತು.

"ನಾ ಇಲ್ಲಂದ್ರ ಈ ಸಾಲಿ ನಡಿಯಂಗಿಲ್ಲ," ಅನ್ನುತ್ತಿದ್ದರು. ಜಂಬದಿಂದಲ್ಲ. ಇವತ್ತು ಬಿಸಿಲು ಭಾಳ ಅದ ಅನ್ನುವ ಹಾಗೆ.

ಸಿಟ್ಟು ಎಷ್ಟೇ ಇರಲಿ, ಒಂದು ಮಾತು ಹೇಳಲೇಬೇಕು. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ವಾಪಸ್ ಕರೆತರುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವರು ಉಪದೇಶ ಮಾಡುತ್ತಿರಲಿಲ್ಲ, ಕಾನೂನು ಹೇಳಿ ಹೆದರಿಸುತ್ತಲೂ ಇರಲಿಲ್ಲ. ಆ ಹುಡುಗಿಯ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಮನೆಯವರು ಚಹಾ ತರುತ್ತಿದ್ದರು. "ಒಲ್ಲೆ ಯವ್ವಾ," ಅನ್ನುತ್ತಿದ್ದರು ಇವರು. ನೀರು? ಅದೂ ಒಲ್ಲೆ. ಸುಮ್ಮನೆ ಕೂತಿರುವುದು. ನಮ್ಮ ಕಡೆ ಮನೆಗೆ ಬಂದವರು ಚಹಾ ಒಲ್ಲೆ ಅಂದರೆ ಅದು ಬೈದದ್ದಕ್ಕಿಂತ ಹೆಚ್ಚು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ನಿಲ್ಲುತ್ತಿದ್ದರು, ಯಾಕ, ಏನಾತು, ಟೀಚರ್ ಯಾಕ ಚಾ ಕುಡಿಯವಲ್ರು? ಮನೆಯವರ ಮುಖ ಸಣ್ಣದಾಗುತ್ತಾ ಬಂದು, ಕೊನೆಗೆ "ಆತು ತಗೊರಿ, ನಾಳಿಂದ ಕಳಸ್ತೀವಿ, ಈಗರ ಒಂದು ಗುಟುಕು ಕುಡೀರಿ" ಎನ್ನುವವರೆಗೆ ಬರುತ್ತಿತ್ತು. "ನಾಳಿ ಅಕಿ ಸಾಲಿಗೆ ಬಂದ ಮ್ಯಾಲ ಕುಡೀತೀನಿ," ಎಂದು ಇವರು ಎದ್ದು ಬರುತ್ತಿದ್ದರು. ಮೇಡಂ ಅವರ ತಾಯಿ ಮಾನ್ವಿ ಕಡೆಯ ಕುರ್ಡಿ ಎಂಬ ಹಳ್ಳಿಯಲ್ಲಿ ಮಂದಿಯ ಹೊಲದಲ್ಲಿ ಕಳೆ ತೆಗೆದು ಇವರನ್ನು ಓದಿಸಿದವರು. ಆಗ ಇವರಿಗೆ ಚಹಾ ಕೊಡದ ಮನೆಗಳೂ ಇದ್ದವಂತೆ. ಅದನ್ನು ಒಂದೇ ಸಲ ಹೇಳಿದ್ದರು, ನಾನು ಮತ್ತೆ ಕೇಳಲಿಲ್ಲ.

ಮೇಡಂಗೆ ಡಾಕ್ಟರೇಟಿನ ಹುಚ್ಚು ಹತ್ತಿದ್ದು ಒಂದು ತರಬೇತಿಯಲ್ಲಿ. ಮುಖ್ಯೋಪಾಧ್ಯಾಯರಿಗೆ ನಾಯಕತ್ವ ಕಲಿಸುವ ತರಬೇತಿ ಅದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಯಾರೋ ಒಬ್ಬರು ಬಂದು, "ಪ್ರಭಾರಿಗಳು ದಯವಿಟ್ಟು ಹಿಂದ ಕುಂದ್ರಿ, ಮುಂದ ಖಾಯಂ ಇದ್ದವರಿಗೆ," ಅಂದಿದ್ದಾರೆ. ಇವರು ಎದ್ದು ಹಿಂದೆ ಹೋಗಿ ಕೂತು ಸಂಜೆಯವರೆಗೆ ನಾಯಕತ್ವ ಕಲಿತು ಬಂದರು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮನ್ನೆಲ್ಲ ಕರೆದು, "ನಾ ಶೈಕ್ಷಣಿಕ ನಾಯಕತ್ವದಾಗ ಡಾಕ್ಟರೇಟ್ ಮಾಡಾಕತ್ತೀನಿ. ಫೀ ಕಟ್ಟೀನಿ," ಅಂದರು.

ರಿಟೈರ್ ಆಗಲು ಆರು ವರ್ಷ ಇತ್ತು. ಇದರಿಂದ ಸಂಬಳ ಏರುವುದಿಲ್ಲ, ಬಡ್ತಿ ಇಲ್ಲ, ಪೆನ್ಶನ್ನಿಗೂ ಉಪಯೋಗವಿಲ್ಲ. ಪಿ.ಟಿ. ಸರ್ ಇವನ್ನೆಲ್ಲ ರೂಲು ಸಮೇತ ವಿವರಿಸಿದರು. ಮೇಡಂ ಪೂರ್ತಿ ಕೇಳಿ, "ನಿಮ್ಮನ್ನ ಕೇಳಿದ್ನೇನು?" ಅಂದರು.

ಇದು ಮಾಮೂಲಿ ಪಿಎಚ್‌ಡಿ ಅಲ್ಲವಂತೆ. ಪಿಎಚ್‌ಡಿ ಆದರೆ ಬೇರೆಯವರ ವಿಷಯದಲ್ಲಿ ಮೂಗು ತೂರಿಸಬಹುದು. ಇದು ನೌಕರಿಯಲ್ಲಿ ಇರುವವರಿಗೆ ಮಾಡಿದ್ದು. ನಿಮ್ಮ ಕೆಲಸವನ್ನೇ ನೀವು ಎದುರಿಗಿಟ್ಟುಕೊಂಡು, ಅದರಲ್ಲಿ ಒಂದು ತೊಡಕು ಹುಡುಕಿ, ಅದನ್ನು ನೀವೇ ಬಿಡಿಸಿ, ಬಿಡಿಸಿದ್ದು ಹೌದೋ ಅಲ್ಲವೋ ಎಂದು ಪರೀಕ್ಷಕರ ಮುಂದೆ ತೋರಿಸಬೇಕು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯ, ಪಾಠ ಭಾನುವಾರ ಮೊಬೈಲಿನಲ್ಲಿ. ಗೈಡು, ಮೇಡಂ ಅವರ ಮಗನ ವಯಸ್ಸಿನ ಹುಡುಗ, ಮೈಸೂರು ಕಡೆಯವನು, ಬಹಳ ಮರ್ಯಾದಸ್ಥ. ಮೊದಲ ಭೇಟಿಯಲ್ಲೇ "ಮೇಡಂ, ನಿಮ್ಮ ನಾಯಕತ್ವದಲ್ಲಿ ನಿಮಗೆ ಕಾಣುತ್ತಿರುವ ಸಮಸ್ಯೆ ಯಾವುದು?" ಎಂದು ಕೇಳಿದನಂತೆ.

"ಸಮಸ್ಯೆ ಏನೂ ಇಲ್ರಿ. ನಾ ಅದೀನಲ್ಲ!"

"ಸಮಸ್ಯೆ ಇಲ್ಲದಿದ್ದರೆ ಸಂಶೋಧನೆ ಆಗುವುದಿಲ್ಲ, ಮೇಡಂ."

ಸೋಮವಾರ ಬಂದು ನಮ್ಮ ಮುಂದೆ ಕಿಡಿ ಕಾರಿದರು. "ಎಂಥಾ ಓದ್ರೀ ಇದು? ಸಾಲಿ ಚಲೋ ನಡದ್ರ ಫೇಲ್ ಮಾಡ್ತಾರಂತ!" ಚಹಾ ಒಲ್ಲೆ ಎನ್ನುವ ತಮ್ಮ ಪದ್ಧತಿಯನ್ನೂ ಗೈಡಿಗೆ ಹೇಳಿದ್ದರು. ಅವನು ಅದು ಯಾವ ಮಾದರಿಯ ನಾಯಕತ್ವ ಎಂದು ಕೇಳಿದ್ದ. "ಮಾದರಿ ಅಲ್ರಿ ಅದು, ಚಾ," ಎಂದು ಇವರು ತಿಳಿಸಿ ಹೇಳಿದ್ದರು.

ಸಮಸ್ಯೆ ನಿಮಗೆ ಕಾಣದಿದ್ದರೆ ಸಹೋದ್ಯೋಗಿಗಳನ್ನು ಕೇಳಿ ಅಂದನಂತೆ ಗೈಡು. ಸರಿ, ಸಂದರ್ಶನ ಶುರುವಾಯಿತು. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು, ಮೇಜಿನ ಮೇಲೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, "ನನ್ನ ನಾಯಕತ್ವದಾಗ ಏನು ಕೊರತಿ ಅದ, ಮನಸು ಬಿಚ್ಚಿ ಹೇಳ್ರಿ," ಎಂದು ಕೇಳಿದರು. ಕೇಳುವಾಗ ಕೀಲಿಕೈ ಗೊಂಚಲು ಕೈಯಲ್ಲಿತ್ತು. ಪಿ.ಟಿ. ಸರ್, "ತಾವು ತಾಯಿ ಇದ್ದಂಗ ಮೇಡಂ," ಅಂದರು. ಮುಂದಿನವರು, "ತಾಯಿ ಇದ್ದಂಗ, ತಂದೀನೂ ಇದ್ದಂಗ," ಅಂದರು. ಆಗಷ್ಟೇ ಹೊಸದಾಗಿ ಬಂದಿದ್ದ ಗಣಿತದ ಟೀಚರು, ಶಕ್ತಿನಗರದ ವಿದ್ಯುತ್ ಸ್ಥಾವರದ ಗುತ್ತಿಗೆ ಕಾರ್ಮಿಕರೊಬ್ಬರ ಮಗಳು, ಪಾಪ, ಏನು ಹೇಳಬೇಕೆಂದು ಹೊರಗೆ ಕೇಳಿಕೊಂಡೇ ಒಳಗೆ ಹೋಗಿದ್ದಳು. ಅವಳೂ ತಾಯಿ ಅಂದಳು. ಗೈಡು ಅಲ್ಲಿಯವರೆಗಿನದನ್ನು ಕೇಳಿ, ಇದರಲ್ಲಿ ಮಾಹಿತಿ ಏನೂ ಇಲ್ಲವಲ್ಲ ಮೇಡಂ ಎಂದನಂತೆ.

ಅದಕ್ಕಿಂತ ದೊಡ್ಡ ರಾದ್ಧಾಂತ ಗುಪ್ತನಾಮದ್ದು. ಸಂಶೋಧನೆಯಲ್ಲಿ ಶಿಕ್ಷಕರ ಹೆಸರು ಹಾಕಬಾರದೆಂದು ಶಿಕ್ಷಕ ಒಂದು, ಶಿಕ್ಷಕ ಎರಡು ಎಂದು ನಂಬರು ಕೊಟ್ಟರು. ಚೀಟಿ ಎತ್ತಿ, ಬಂದ ಹಾಗೆ ಕೊಟ್ಟದ್ದು. ಪಿ.ಟಿ. ಸರ್‌ಗೆ ಏಳು ಬಂತು. ಗಣಿತದ ಟೀಚರಿಗೆ ಒಂದು. ಪಿ.ಟಿ. ಸರ್ ಊಟ ಬಿಟ್ಟರು. "ಸರ್ವಿಸಿನಾಗ ನಾ ಸೀನಿಯರ್. ಮೊನ್ನಿ ಬಂದಾಕಿಗೆ ಒಂದು, ನನಗ ಏಳಾ? ನಾಳಿ ಯಾರರ ಓದಿದ್ರ ಏನ್ ತಿಳೀತಾರ?" ಯಾರೆಂದು ತಿಳಿಯಬಾರದು ಅಂತಲೇ ನಂಬರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ತಿಳಿಯದಿದ್ದರೂ ಸೀನಿಯಾರಿಟಿ ಸೀನಿಯಾರಿಟಿಯೇ ಅಂದರು. ಮೂರನೆಯವರು ಎರಡನೆಯವರ ಮೇಲೆ ಮುನಿಸಿಕೊಂಡರು. ಕೊನೆಗೆ ಮೇಡಂ ನಂಬರು ತೆಗೆದು ಗಿಡಗಳ ಹೆಸರಿಟ್ಟರು. ಪಿ.ಟಿ. ಸರ್‌ಗೆ ಆಲ ಎಂದು ಇಟ್ಟ ಮೇಲೆ ಅವರು ಉಂಡರು. ಗಣಿತದವಳಿಗೆ ಬನ್ನಿ.

ನನ್ನ ಸರದಿ ಕೊನೆಯದಾಗಿತ್ತು. ಅವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಮನಸ್ಸು ಬಿಚ್ಚಿ ಹೇಳಿ ಅಂದರು, ಬಿಚ್ಚಿದೆ.

"ನೀವು ಯಾರಿಗೂ ಕೀಲಿಕೈ ಕೊಡಂಗಿಲ್ಲ ಮೇಡಂ. ನಮ್ಮನ್ನ ಹುಡುಗರಂಗ ನೋಡ್ತೀರಿ. ನಾಳಿ ನಿಮಗ ಜ್ವರ ಬಂದ್ರ ಈ ಸಾಲಿ ಬಾಗ್ಲಾ ತೆಗ್ಯಾಕ ಒಬ್ಬರಿಲ್ಲ. ನಾ ಇಲ್ಲಂದ್ರ ನಡಿಯಂಗಿಲ್ಲ ಅಂತೀರಿ. ನಡೀದಂಗ ಮಾಡಿಟ್ಟವ್ರು ನೀವ!"

ಮೊಬೈಲು ಓಡುತ್ತಿತ್ತು. ಅವರು ಅದನ್ನು ಆರಿಸಿ, "ಹೋಗ್ರಿ," ಅಂದರು. ಆ ವಾರ ನನ್ನ ಜೊತೆ ಮಾತಿಲ್ಲ, ಸೀಮೆಸುಣ್ಣವನ್ನು ಹುಡುಗರ ಕೈಯಲ್ಲಿ ಕಳಿಸುತ್ತಿದ್ದರು. ಆಮೇಲೆ ಒಂದು ದಿನ ವರಾಂಡದಲ್ಲಿ ನಿಲ್ಲಿಸಿ, "ಗೈಡಿಗೆ ನಿಮ್ಮದು ಕೇಳಿಸಿದೆ. ಖುಷಿ ಆತು ಅವನಿಗೆ. ಇದ ನೋಡ್ರಿ ಮೇಡಂ ಸಮಸ್ಯೆ ಅಂದ," ಎಂದರು. ಹೊರಟವರು ತಿರುಗಿ, "ನಿಮಗ ಬೇವು ಅಂತ ಇಟ್ಟೀನಿ," ಎಂದು ಸೇರಿಸಿದರು.

ಹೀಗೆ ಅವರ ಡಾಕ್ಟರೇಟಿನ ವಿಷಯ ಗಟ್ಟಿಯಾಯಿತು: ಮುಖ್ಯಸ್ಥರು ಅಧಿಕಾರ ಹಂಚಿಕೊಟ್ಟರೆ ಶಾಲೆ ಅವರಿಲ್ಲದೆಯೂ ನಡೆಯುತ್ತದೆಯೇ. ನಡೆದರೆ ಪಾಸ್. ನಡೆಯದಿದ್ದರೆ ಅಷ್ಟು ವರ್ಷ ಓದಿದ್ದು ನೀರಲ್ಲಿ ಹೋಮ. ತಾವು ಬೇಡವಾಗುವುದನ್ನು ತಾವೇ ಸಾಧಿಸಿ ತೋರಿಸಬೇಕು. ನಾನಂತೂ ಇಂಥ ಪರೀಕ್ಷೆ ಕೇಳಿರಲಿಲ್ಲ.

ದಸರೆ ರಜೆ ಮುಗಿದ ಸೋಮವಾರ ಗೊಂಚಲು ಬಿಚ್ಚಿ ಕೀಲಿಕೈಗಳನ್ನು ನಮಗೆಲ್ಲ ಹಂಚಿದರು. ಸ್ಟಾಕ್ ರೂಮಿನದು ನನಗೆ ಬಂತು. "ಇನ್ನ ಮ್ಯಾಲ ಎಲ್ಲಾ ನಿರ್ಣಯ ನಿಮ್ಮವು. ನಾ ಬರೇ ನೋಡ್ತೀನಿ. ಮಾತಾಡಂಗಿಲ್ಲ," ಎಂದು ಹೇಳಿ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡರು. ತಮ್ಮ ನಾಲಿಗೆಯ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ. ಅದಕ್ಕೆ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡರು. ಮಾತು ಬಂದಾಗ ಲವಂಗ ಕಚ್ಚುವುದು. ಕಿರಾಣಿ ಅಂಗಡಿಯವ ಇವರ ಲವಂಗದ ಖರ್ಚು ನೋಡಿ, ಅಕ್ಕೋರ, ರಾಯಚೂರಿನಾಗ ಹಲ್ಲಿನ ಡಾಕ್ಟರ್ ಚಲೋ ಅದಾರ ಎಂದು ಹೇಳಿಕಳಿಸಿದ್ದ.

ಮೊದಲನೇ ದಿನ ನಾವು ಯಾರೂ ಏನನ್ನೂ ನಿರ್ಣಯಿಸಲಿಲ್ಲ. ಇದರಲ್ಲಿ ಏನೋ ಒಳಸಂಚು ಇದೆ ಎಂದೇ ಎಲ್ಲರ ಲೆಕ್ಕ. ಗಂಟೆ ದಿನಾ ಮೇಡಂ ಅವರೇ ಬಾರಿಸುತ್ತಿದ್ದದ್ದು. ಅವತ್ತು ಯಾರು ಬಾರಿಸಬೇಕೆಂದು ಯಾರೂ ಹೇಳಲಿಲ್ಲ, ಹಾಗಾಗಿ ಯಾರೂ ಬಾರಿಸಲಿಲ್ಲ. ಮೊದಲನೇ ಪೀರಿಯಡ್ಡು ಮಧ್ಯಾಹ್ನದವರೆಗೆ ನಡೆಯಿತು. ನಾನು ಎರಡು ಪದ್ಯ, ಒಂದು ಗದ್ಯ, ಸಮಾಸ ಪೂರ್ತಿ ಮುಗಿಸಿ, ಬೇರೆ ದಾರಿ ಕಾಣದೆ ಛಂದಸ್ಸು ಶುರುಮಾಡಿದೆ. ಪಿ.ಟಿ. ಸರ್ ಬಿಸಿಲಲ್ಲಿ ಒಂಬತ್ತನೆಯವರಿಂದ ಕವಾಯತು ಮಾಡಿಸುತ್ತಲೇ ಇದ್ದರು. ವರಾಂಡದಲ್ಲಿ ಮೇಡಂ ದವಡೆ ಅಲ್ಲಾಡುತ್ತಿತ್ತು, ಕಣ್ಣು ಕೆಂಪಗಾಗಿತ್ತು. ಕಡೆಗೆ ಅಡಿಗೆ ಮಾಡುವಾಕೆ ಸೌಟು ಹಿಡಿದು ಅಂಗಳಕ್ಕೆ ಬಂದು, "ಅನ್ನ ಆರಾಕತ್ತದ! ಉಣ್ಣಾಕ ಬರ್ತೀರೋ, ದನಕ್ಕ ಹಾಕ್ಲೋ?" ಎಂದು ಕೂಗಿದ ಮೇಲೆ ಎಲ್ಲ ಹೊರಗೆ ಬಂದೆವು.

ಸಂಜೆ ಮೀಟಿಂಗಿನಲ್ಲಿ ಎಲ್ಲರೂ ಮೇಡಂ ಮುಖ ನೋಡಿದೆವು. ಅವರು ಲವಂಗ ಕಚ್ಚಿದರು. "ಗಂಟಿ ನಾ ಬಾರಸ್ತೀನಿ," ಅಂದಳು ಗಣಿತದ ಟೀಚರು, ಬಹಳ ಸಣ್ಣ ದನಿಯಲ್ಲಿ. ನಮ್ಮ ಶಾಲೆಯಲ್ಲಿ ಮೇಡಂ ಅಲ್ಲದ ಒಬ್ಬರು ಮಾಡಿದ ಮೊದಲ ನಿರ್ಣಯ ಅದು. ಪಿ.ಟಿ. ಸರ್ ಅದಕ್ಕೆ ರೂಲು ಹುಡುಕಿದರು, ಸಿಗಲಿಲ್ಲ.

ಆಮೇಲೆ ನಿಧಾನಕ್ಕೆ ಚಕ್ರ ಉರುಳಿತು. ಉಪ್ಪಿನ ವಿಷಯ ಅಡಿಗೆಯಾಕೆಗೇ ಬಿಟ್ಟೆವು, ಸಾಂಬಾರು ರುಚಿಯಾಯಿತು. ಟೈಮ್ ಟೇಬಲ್ ನಾನು ಹಾಕಿದೆ. ಎಲ್ಲರೂ ನನ್ನ ಮೇಲೆ ಹರಿಹಾಯ್ದರು, ಮತ್ತೆ ಹಾಕಿದೆ. ಟೈಮ್ ಟೇಬಲ್ ಹಾಕುವುದು ಎಂಥ ಯಮಯಾತನೆ ಎಂದು ಆವಾಗ ಗೊತ್ತಾಯಿತು. ಮೇಡಂ ವರಾಂಡದಲ್ಲಿ ಕೂತು ನೋಡುತ್ತಿದ್ದರು. ಆಗಾಗ ಅವರ ಕೈ ಸೊಂಟಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ, ಹಾಗೇ ಮಡಿಲಿಗೆ ವಾಪಸ್ ಬರುತ್ತಿತ್ತು. ಅದನ್ನು ಅವರು ಸಂಶೋಧನೆಯಲ್ಲಿ ಬರೆಯಲಿಲ್ಲ. ನಾನು ನೋಡಿದ್ದೇನೆ.

ಪ್ರಬಂಧ ಬರೆದು ಮುಗಿಯುವ ಹೊತ್ತಿಗೆ ಅವರು ರಿಟೈರ್ ಆಗಲು ಕೆಲವೇ ತಿಂಗಳು ಉಳಿದಿದ್ದವು. ಬೆಂಗಳೂರಿನಲ್ಲಿ ವೈವಾ ಇತ್ತು, ಪರೀಕ್ಷಕರ ಮುಂದೆ ಕೂತು ಉತ್ತರ ಹೇಳುವುದು. ಎರಡು ದಿನ ಶಾಲೆಗೆ ಬರುವುದಿಲ್ಲ ಅಂದರು. ಅಷ್ಟು ವರ್ಷದಲ್ಲಿ ಅವರು ಎರಡು ದಿನ ಒಟ್ಟಿಗೆ ರಜೆ ಹಾಕಿದ್ದು ನನಗೆ ನೆನಪಿಲ್ಲ. ಹೊರಡುವ ಮುಂದೆ ಬಾಗಿಲಲ್ಲಿ ನಿಂತು, "ಏನರ ಇದ್ರ ಫೋನ್ ಮಾಡ್ರಿ. ಚಾರ್ಜ್ ಫುಲ್ ಅದ," ಅಂದರು.

ಅವರು ಹೋದ ದಿನವೇ ಹತ್ತನೇ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ರಾಯಚೂರಿನಲ್ಲಿರುವ ಅಕ್ಕನಿಗೆ ಹೆರಿಗೆ ಆಗಿದೆ, ಕೂಸು ನೋಡಿಕೊಳ್ಳಲು ಇವಳನ್ನು ಕಳಿಸುತ್ತಾರಂತೆ, ಇನ್ನು ಶಾಲೆಗೆ ಬರುವುದಿಲ್ಲ ಎಂದು ಅವಳ ಗೆಳತಿಯರು ಹೇಳಿದರು. ಪರೀಕ್ಷೆ ಹತ್ತಿರವಿತ್ತು. ಜಾಣ ಹುಡುಗಿ. ಪಿ.ಟಿ. ಸರ್ ಮೊಬೈಲ್ ತೆಗೆದರು. "ಮೇಡಂಗ ಹಚ್ತೀನಿ."

"ಬ್ಯಾಡ್ರಿ ಸರ್," ಅಂದಳು ಗಣಿತದ ಟೀಚರು. "ನಾವು ಫೋನ್ ಮಾಡಿದ್ರ ಅವ್ರು ಬರದದ್ದೆಲ್ಲಾ ಸುಳ್ಳಾಗ್ತದ. ಅಲ್ಲಿ ಕುಂತು ಏನಂತ ಉತ್ತರ ಕೊಡ್ತಾರ?"

ಅವಳು ಹೇಳಿದ್ದು ಸರಿ ಇತ್ತು. ನಾವಿಬ್ಬರೂ ಹೊರಟೆವು. ಆ ಮನೆಯ ಕಟ್ಟೆಯ ಮೇಲೆ ಕೂತೆವು. ಹುಡುಗಿಯ ಅವ್ವ ಒಳಗಿಂದ ಚಹಾ ತಂದಳು. ನಾನು ಕುಡಿದುಬಿಟ್ಟೆ. ಏನು ಮಾಡಲಿ, ಬೆಳಿಗ್ಗೆಯಿಂದ ಕುಡಿದಿರಲಿಲ್ಲ, ಕೈಗೆ ಲೋಟ ಬಂತು, ಬಾಯಿಗೆ ಹೋಯಿತು. ಗಣಿತದ ಟೀಚರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಖಾಲಿ ಲೋಟ ಕೆಳಗಿಟ್ಟು ನಾನು ಅತ್ತ ಇತ್ತ ನೋಡಿದೆ.

"ನೀವೂ ತಗೊರಿ ಟೀಚರ್," ಅಂದಳು ಆ ತಾಯಿ.

"ಒಲ್ಲೆ ಯವ್ವಾ."

"ಸಕ್ರಿ ಕಮ್ಮಿ ಹಾಕೀನಿ."

"ಒಲ್ಲೆ."

ಚಹಾದ ಮೇಲೆ ಕೆನೆ ಕಟ್ಟಿತು. ಪಕ್ಕದ ಮನೆಯಾಕೆ ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು. ಅಷ್ಟು ಸಣ್ಣ ವಯಸ್ಸಿನ ಗಣಿತದ ಟೀಚರು ನೆಟ್ಟಗೆ ಕೂತಿದ್ದಳು, ಥೇಟ್ ದೊಡ್ಡ ಮೇಡಂ ಕೂತ ಹಾಗೆ. ತಾಯಿ ಸಿಟ್ಟು ಮಾಡಿದಳು, ಕೂಸನ್ನ ಯಾರು ನೋಡ್ಕೋಬೇಕು, ನೀವು ಬರ್ತೀರೇನು ಎಂದು ಕೇಳಿದಳು. ಉತ್ತರ ಕೊಟ್ಟವಳು ಪಕ್ಕದ ಮನೆಯಾಕೆ. "ನಿಮ್ಮತ್ತಿ ಅದಾಳಲ್ಲ, ಬರೇ ಕಟ್ಟಿ ಮ್ಯಾಲ ಕುಂತಿರ್ತಾಳ, ಅಕಿನ್ನ ಕಳಸು. ಪರೀಕ್ಷಾ ಮುಗಿಯೋತನಕ," ಅಂದಳು. ಆ ಅತ್ತೆ ಒಳಗಿನಿಂದ, "ನನಗ ಯಾರು ಕೇಳಿದ್ರು? ಕೇಳಿದ್ರ ಹೋಗ್ತಿದ್ದೆ!" ಎಂದು ಕೂಗಿದಳು.

ಮರುದಿನ ಹುಡುಗಿ ಬಂದಳು. ಅವಳ ಹಿಂದೆಯೇ ಅವ್ವ ಸೆರಗಿನಲ್ಲಿ ಲೋಟ ಮುಚ್ಚಿಕೊಂಡು ಬಂದು, ಗಣಿತದ ಟೀಚರು ಚಹಾ ಕುಡಿಯುವವರೆಗೆ ತರಗತಿಯ ಬಾಗಿಲು ಬಿಡಲಿಲ್ಲ.

ಮೇಡಂ ಶನಿವಾರ ಬಂದರು. ಪಾಸಾದ ಸುದ್ದಿ ಅವರ ಮಗನಿಂದ ಗೊತ್ತಾಗಿತ್ತು. ಹಾರ ತಂದಿದ್ದೆವು, ಪೇಡಾ ತಂದಿದ್ದೆವು, ಪಿ.ಟಿ. ಸರ್ ಹುಡುಗರನ್ನು ಎರಡು ಸಾಲು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅವರು ಹಾರದ ಕಡೆ ನೋಡಲಿಲ್ಲ. ನೆಟ್ಟಗೆ ಸ್ಟಾಫ್ ರೂಮಿಗೆ ಬಂದು ಕೂತರು. ನಾನು ಹಿಗ್ಗಿನಿಂದ ಹುಡುಗಿಯ ಕಥೆಯನ್ನೆಲ್ಲ ಹೇಳಿದೆ, ನಾನು ಚಹಾ ಕುಡಿದದ್ದೊಂದು ಬಿಟ್ಟು. ಒಬ್ಬರೂ ನಿಮಗೆ ಫೋನ್ ಮಾಡಲಿಲ್ಲ ನೋಡಿ ಮೇಡಂ, ಎಲ್ಲ ನಾವೇ ಮಾಡಿದೆವು ಅಂದೆ.

"ಹೌದು," ಅಂದರು. "ಒಬ್ಬರೂ ಮಾಡಲಿಲ್ಲ."

ಪರೀಕ್ಷಕರಲ್ಲಿ ಒಬ್ಬರು ಕೇಳಿದರಂತೆ: ನೀವಿಲ್ಲದೆ ಶಾಲೆ ನಡೆಯುತ್ತದೆ ಅಂತ ಬರೆದಿದ್ದೀರಿ, ಸಾಕ್ಷಿ ಏನು? ಮೇಡಂ ಬ್ಯಾಗಿನಿಂದ ಮೊಬೈಲ್ ತೆಗೆದು ಮೇಜಿನ ಮೇಲೆ ಇಟ್ಟರಂತೆ. ಊರು ಬಿಟ್ಟು ಎರಡನೇ ದಿನ ಇದು, ಶಾಲೆಯಿಂದ ಒಂದು ಕರೆ ಬಂದಿಲ್ಲ, ನೀವೇ ನೋಡಿ ಅಂದರಂತೆ. ಪರೀಕ್ಷಕರು ನಕ್ಕು, ಮೇಜು ಕುಟ್ಟಿ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ ಡಾಕ್ಟರ್ ಎಂದು ಕೈ ಮುಗಿದರಂತೆ. ಮೇಡಂ ಅಲ್ಲೇ ಅತ್ತರಂತೆ. ಸಂತೋಷಕ್ಕೆ ಎಂದು ಅವರು ನೀರು ತರಿಸಿಕೊಟ್ಟರಂತೆ.

"ಸಂತೋಷಕ್ಕಲ್ರಿ," ಅಂದರು ನಮ್ಮ ಕಡೆ ನೋಡಿ. ದನಿ ಒಡೆದಿತ್ತು. "ಎರಡು ದಿನ ಫೋನ್ ಕೈಯಾಗ ಹಿಡ್ಕೊಂಡು ಕುಂತಿದ್ದೆ. ರಿಂಗ್ ಆದ್ರ ಫೇಲ್ ಆಗ್ತೀನಿ ಅಂತ ಗೊತ್ತದ. ಆದರೂ ಒಮ್ಮೆ ಆಗ್ಲಿ ಅನಿಸ್ತು. ಒಬ್ಬರರ, ಎಲ್ಲಿದೀರಿ, ಉಂಡ್ರೇನು ಅಂತರ ಕೇಳಬಾರದಿತ್ತೇನ್ರಿ?"

ಆ ಹೊತ್ತಿಗೆ ನಮ್ಮೆಲ್ಲರ ಬಾಯಲ್ಲೂ ಲವಂಗ ಇದ್ದ ಹಾಗಾಗಿತ್ತು. ಪಿ.ಟಿ. ಸರ್ ಎದ್ದು ಒಂದು ಪೇಡಾ ಅವರ ಕೈಗಿಟ್ಟರು. ಅಳುತ್ತಲೇ ತಿಂದರು.

ಮುಂದೆ ಅವರು ರಿಟೈರ್ ಆಗಿ ಮಾನ್ವಿಗೆ ಹೋಗಿ ಮಗನ ಜೊತೆ ಇದ್ದರು. ಅವರು ಹೋಗಿ ಸ್ವಲ್ಪ ದಿನಕ್ಕೆ ನಮ್ಮ ಶಾಲೆಗೆ ಖಾಯಂ ಮುಖ್ಯೋಪಾಧ್ಯಾಯರು ಬಂದರು, ಬಂದವರು ನಿಂತರು ಕೂಡ. ಒಳ್ಳೆಯ ಮನುಷ್ಯ. ಶಾಲೆ ಏನೂ ತೊಂದರೆ ಇಲ್ಲದೆ ನಡೆಯಿತು. ಅದೇ ನನಗೆ ತಡೆಯಲಾಗಲಿಲ್ಲ. ಒಂದು ದಿನ ಸ್ಟಾಕ್ ರೂಮಿನ ಮುಂದೆ ನಿಂತು ಅವರಿಗೆ ಫೋನ್ ಹಚ್ಚಿದೆ. "ಮೇಡಂ, ಸ್ಟಾಕ್ ರೂಮಿನ ಕೀಲಿಕೈ ಸಿಗವಲ್ದು. ಎಲ್ಲಿ ಹುಡುಕ್ಲಿ?"

ಕೀಲಿಕೈ ನನ್ನ ಜೇಬಿನಲ್ಲೇ ಇತ್ತು.

ಆ ಕಡೆಯಿಂದ ಬೈಗುಳ ಶುರುವಾಯಿತು ನೋಡಿ. ಇಷ್ಟು ವರ್ಷ ಆತು, ಒಂದು ಕೀಲಿಕೈ ಇಟ್ಕೊಳ್ಳಾಕ ಬರಂಗಿಲ್ಲ, ಹುಡುಗರಿಗೇನು ಕಲಸ್ತೀರಿ, ಬೀರುವಿನ ಹಿಂದ ನೋಡ್ರಿ, ಕ್ಯಾಲೆಂಡರಿನ ಮೊಳಿಗೆ ನೋಡ್ರಿ. ಕೊನೆಗೆ ಆ ಹಳೆಯ ಮಾತು: "ನಾ ಇಲ್ಲಂದ್ರ ಈ ಸಾಲಿ ನಡಿಯಂಗಿಲ್ಲ!" ಎಷ್ಟು ದಿನಗಳ ಮೇಲೆ ಕೇಳಿದೆ. ಫೋನಿಟ್ಟಾಗ ನನ್ನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಅದೊಂದು ರೂಢಿಯಾಯಿತು. ನಾನು ಆಗಾಗ ಕೀಲಿಕೈ ಕಳೆದುಕೊಳ್ಳುತ್ತಿದ್ದೆ, ಅವರು ಆಗಾಗ ಬೈಯುತ್ತಿದ್ದರು.

ಮಣ್ಣಿಗೆ ಎಲ್ಲರೂ ಹೋಗಿದ್ದೆವು. ಬುದ್ಧನ ಪಟದ ಕೆಳಗೆ ಅವರನ್ನು ಮಲಗಿಸಿದ್ದರು. ಬಾಯಿ ಮುಚ್ಚಿತ್ತು. ಫ್ಲೆಕ್ಸ್ ಆಗಲೇ ಓಣಿಯ ಬಾಯಿಗೆ ಕಟ್ಟಿಸಿದ್ದೆವು. ಹೆಸರಿನ ಮೊದಲು ಡಾ. ಎಂದಿತ್ತು. ಕೆಳಗೆ ಏನು ಹಾಕಬೇಕೆಂಬ ಜಗಳ ಬಗೆಹರಿಸಿದ್ದು ಪಿ.ಟಿ. ಸರ್. ತಮ್ಮ ಚೀಟಿಯನ್ನು ಹರಿದು ಹಾಕಿ, "ದೊಡ್ಡ ಮೇಡಂ ಅಂತ ಹಾಕ್ರಿ. ಅದಕ್ಕ ಯಾವ ರೂಲೂ ಇಲ್ಲ," ಅಂದಿದ್ದರು.

ಕೊನೆಯ ಸಲ ನಾನು ಫೋನ್ ಮಾಡಿದ್ದು ಅವರು ಹಾಸಿಗೆ ಹಿಡಿದ ಮೇಲೆ. ಮಾತು ಸಣ್ಣದಾಗಿತ್ತು. ಎಂದಿನಂತೆ ಕೇಳಿದೆ: "ಮೇಡಂ, ಸ್ಟಾಕ್ ರೂಮಿನ ಕೀಲಿಕೈ ಸಿಗವಲ್ದು."

ಉಸಿರು ಎಳೆದುಕೊಂಡು ಹೇಳಿದರು:

"ನಿಮ್ಮ ಜೇಬಿನಾಗ ಅದ, ಕನ್ನಡ ಸರ್. ಮೊದಲಿಂದ ಅಲ್ಲೇ ಅದ. ಮುಂದಿನ ವಾರ ಮತ್ತ ಕಳಕೋರಿ."